ನಿಂತ ಕೆಲಸದ ಒಳಗೇನಿದೆ?

“ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೇಳು ವರ್ಷ ಕನ್ನಡ, ಸಮಾಜ ಹೇಳಿಕೊಟ್ಟೋಳಿಗೆ ಈ ಕಂಪೈಲರ್ ಉಸಾಬರಿ ಯಾಕೆ?” ಎಂದು ನಮ್ಮ ಮನೆಯವರು ಕೇಳಿದರು. ನಾನು ಈ ಲೇಖನ ಬರೆಯಲು ಕುಳಿತಿದ್ದನ್ನು ನೋಡಿ ಅವರಿಗೆ ನಗು. ನಗಲಿ. ಉಸಾಬರಿ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಅದೇ ಬೆಂಗಳೂರಿನಿಂದ ಬಸ್ಸು ಹತ್ತಿ ಕಂದಿಕೆರೆಯ ನಮ್ಮ ಮನೆಗೆ ಬಂದು, ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಮೂರು ರಾತ್ರಿ ದೀಪ ಉರಿಸಿತು. ಮನೆಗೆ ಬಂದದ್ದನ್ನು ಕೇಳದೆ ಇರುವುದು ಹೇಗೆ?

ದೀಪಾವಳಿಗೆಂದು ಬಂದಿದ್ದ ಮಗಳು ಲ್ಯಾಪ್‌ಟಾಪನ್ನೂ ತಂದಿದ್ದಳು. ಹಬ್ಬದ ಹೋಳಿಗೆ ತಿಂದು ಎದ್ದವಳೇ ಆ ಕೋಣೆ ಸೇರಿದಳು; ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವ ಜಾಗ ಅದೊಂದೇ. ರಾತ್ರಿ ಒಂದು ಗಂಟೆಗೆ ನಾನು ನೀರು ಕುಡಿಯಲು ಎದ್ದಾಗಲೂ ಬೆಳಕು ಉರಿಯುತ್ತಿತ್ತು.

“ಇನ್ನೂ ಮಲಗಿಲ್ವೇನೆ?”

“ಅಮ್ಮ, ಇಲ್ಲಿ ಒಂದು ಲೆಕ್ಕ ಇತ್ತು. ಈ ಸಾಲಿನ ತನಕ ಕಾಣ್ತಿತ್ತು. ಇಲ್ಲಿ ನಿಂತು ಮತ್ತೆ ಎದ್ದ ಮೇಲೆ ಕಾಣ್ತಾನೇ ಇಲ್ಲ.”

ಅವಳ ಪರದೆಯ ಮೇಲೆ, ಒಂದು ಹೆಸರಿನ ಎದುರಿಗೆ ಮೊತ್ತ ಇರಬೇಕಾದ ಕಡೆ, ‘ಆಪ್ಟಿಮೈಸ್ಡ್ ಔಟ್’ ಎಂಬ ಎರಡು ಪದಗಳಿದ್ದವು. ಚುರುಕುಗೊಳಿಸುವ ಭರದಲ್ಲಿ ತೆಗೆದುಹಾಕಿದ್ದೇವೆ ಎಂದರ್ಥ. ತೆಗೆದದ್ದು ಯಾರು? ಕಂಪೈಲರ್. ಯಾರನ್ನು ಕೇಳಿ ತೆಗೆಯಿತು? ಯಾರನ್ನೂ ಕೇಳಿಲ್ಲ.

ಕಥೆ ಇಷ್ಟು. ಅವಳ ಕಂಪನಿ ಮಾಡಿದ ಒಂದು ಆಪ್‌ನಲ್ಲಿ ಕೆಲವು ಗ್ರಾಹಕರಿಗೆ ಹಣ ಎರಡು ಸಲ ಕಡಿತವಾಗುತ್ತಿತ್ತು. ಆ ಭಾಗವನ್ನು ಕೊನೆಯದಾಗಿ ಮುಟ್ಟಿದವಳು ಹಾಸನದ ಕಡೆಯ ಒಬ್ಬ ಹುಡುಗಿ. ಕೆಲಸಕ್ಕೆ ಸೇರಿ ಐದು ತಿಂಗಳು. ಇನ್ನೂ ಕಾಯಂ ಆಗಿಲ್ಲ. ತಪ್ಪು ಅವಳದೇ ಎಂದು ಎಲ್ಲರೂ ಮಾತಾಡಿಕೊಂಡರು. ಅವಳು ಅಲ್ಲ ಎಂದಳು. “ಅಲ್ಲ ಅಂದ್ರೆ ತೋರಿಸು” ಎಂದರು. ತೋರಿಸಲು ಹೋದರೆ, ತೋರಿಸಬೇಕಾದ ಮೊತ್ತವೇ ತೆಗೆದುಹಾಕಲ್ಪಟ್ಟಿದೆ. ಸಾಕ್ಷಿ ಹೇಳಬೇಕಾದವನನ್ನೇ ಊರು ಬಿಡಿಸಿ, ಆಮೇಲೆ ಸಾಕ್ಷಿ ಕರೆತಾ ಎಂದ ಹಾಗೆ. ನನ್ನ ಮಗಳು ಆ ಹುಡುಗಿಯ ಪರವಾಗಿ ಹುಡುಕಲು ಕುಳಿತಿದ್ದಳು. ನನಗೆ ಸಿಟ್ಟು ಬಂದದ್ದು ಆಗ. ಸಿಟ್ಟು ಬಂದ ಮೇಲೆ ವಿಷಯ ತಿಳಿದುಕೊಳ್ಳದೆ ಬಿಡುವ ಜಾಯಮಾನ ನನ್ನದಲ್ಲ. ಮೂರು ದಿನ ಅವಳನ್ನು ಪೀಡಿಸಿ ಪಾಠ ಹೇಳಿಸಿಕೊಂಡೆ. ನನಗೆ ತಿಳಿದಷ್ಟನ್ನು ನಿಮಗೂ ಹೇಳುತ್ತೇನೆ; ನಮ್ಮ ಊರು ಕೇರಿಗಳ ಎಷ್ಟೋ ಹೆಣ್ಣುಮಕ್ಕಳು ಈಗ ಇದೇ ಕೆಲಸದಲ್ಲಿದ್ದಾರೆ.

ಮನುಷ್ಯರು ಬರೆದ ಪ್ರೋಗ್ರಾಂ ಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ತಿರುಗಿಸಿ ಬರೆಯುವುದೇ ಕಂಪೈಲರ್. ಈ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವರಲ್ಲಿ ಒಬ್ಬಳು ಹೆಂಗಸು ಎಂದು ತಿಳಿದಾಗ ನನಗೆ ಹೆಮ್ಮೆಯೇ ಆಯಿತು. ಅಮೆರಿಕದ ಗ್ರೇಸ್ ಹಾಪರ್. ನೌಕಾಪಡೆ ಸೇರುವ ಮುನ್ನ ಆಕೆ ವಾಸರ್ ಕಾಲೇಜಿನಲ್ಲಿ ಗಣಿತದ ಮೇಡಂ. 1952ರಲ್ಲಿ ಎ-ಝೀರೋ ಎಂಬ, ಕಂಪೈಲರ್ ಹೆಸರಿನ ಮೊದಲ ವ್ಯವಸ್ಥೆಯನ್ನು ಆಕೆ ಮಾಡಿದಳು. ಮನುಷ್ಯ ಯಂತ್ರದ ಹತ್ತಿರ ಹೋಗುವುದಲ್ಲ, ಯಂತ್ರ ಮನುಷ್ಯನ ಹತ್ತಿರ ಬರಬೇಕು ಎಂಬುದು ಆಕೆಯ ಜೀವಮಾನದ ಕೆಲಸದ ಸಾರ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಡೀಬಗ್ಗರ್. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣ ಅದರ ಕೈಯಲ್ಲಿ ಏನೇನಿದೆ ಎಂದು ನೋಡುವ ಉಪಕರಣ ಅದು. ಪ್ರೋಗ್ರಾಂ ತನ್ನ ಲೆಕ್ಕಗಳನ್ನು ಹೆಸರಿಟ್ಟ ಡಬ್ಬಗಳಲ್ಲಿ ಇಟ್ಟುಕೊಳ್ಳುತ್ತದೆ. ಅವಕ್ಕೆ ವೇರಿಯಬಲ್ ಎನ್ನುತ್ತಾರೆ. ನಾವು ಅಡುಗೆಮನೆ ಡಬ್ಬದ ಮೇಲೆ ‘ಸಾಸಿವೆ’, ‘ಮೆಂತ್ಯ’ ಎಂದು ಚೀಟಿ ಅಂಟಿಸಿದಂತೆಯೇ. ಡೀಬಗ್ಗರ್ ಆ ಚೀಟಿ ಓದಿ, ಮುಚ್ಚಳ ತೆಗೆದು, ಒಳಗಿರುವುದನ್ನು ತೋರಿಸುತ್ತದೆ. ಆದರೆ ಚೀಟಿ ಯಾವ ಡಬ್ಬದ ಮೇಲಿದೆ, ಡಬ್ಬ ಯಾವ ಗೂಡಿನಲ್ಲಿದೆ ಎಂದು ಅದಕ್ಕೆ ಹೇಳಬೇಕಾದವರು ಯಾರು? ತಿರುಗಿಸಿ ಬರೆದ ಕಂಪೈಲರೇ. ಹಾಗೆ ಬರೆದಿಡುವ ಪಟ್ಟಿಗೆ ಒಂದು ಹೆಸರಾಂತ ಕ್ರಮವಿದೆ: ಡ್ವಾರ್ಫ್, ಅಂದರೆ ಕುಳ್ಳ. ಪ್ರೋಗ್ರಾಂ ಕಡತದ ಕ್ರಮಕ್ಕೆ ಎಲ್ಫ್ ಎಂಬ ಕಥೆಪುಸ್ತಕದ ಯಕ್ಷನ ಹೆಸರು ಇದ್ದದ್ದರಿಂದ ಅದರ ಜೊತೆಯವನು ಕುಳ್ಳನಾದನಂತೆ. ಇಂಥ ತಮಾಷೆ ಮಾಡುವ ಜನಕ್ಕೆ ಮನುಷ್ಯರ ಕಷ್ಟ ಗೊತ್ತಿಲ್ಲ ಎನ್ನಲಾರೆ. ಗೊತ್ತಿದ್ದೂ ತಡ ಮಾಡಿದರು ಎನ್ನುವುದೇ ನನ್ನ ತಕರಾರು.

ಯಾತಕ್ಕೆ ತಡ ಎಂದು ತಿಳಿಯಲು ಕೊರೂಟೀನ್ ಎಂದರೇನೆಂದು ಗೊತ್ತಾಗಬೇಕು. ಸಾಮಾನ್ಯ ಲೆಕ್ಕದ ತುಂಡೊಂದು ಶುರುವಾದರೆ ಮುಗಿಸಿಯೇ ಏಳುತ್ತದೆ. ಮುಗಿದ ಕೂಡಲೇ ಅದರ ಡಬ್ಬಗಳೆಲ್ಲ ತೊಳೆದು ಬೋರಲು ಹಾಕಿದ ಹಾಗೆ. ಕೊರೂಟೀನ್ ಹಾಗಲ್ಲ. ಅರ್ಧಕ್ಕೆ ನಿಲ್ಲುತ್ತದೆ, ಬೇರೆ ಕೆಲಸಕ್ಕೆ ದಾರಿ ಬಿಡುತ್ತದೆ, ಕರೆದಾಗ ಬಂದು ನಿಂತಲ್ಲಿಂದಲೇ ಮುಂದುವರಿಸುತ್ತದೆ.

ಮಗಳು ಇದನ್ನು ಬಹಳ ಕಷ್ಟದ ಸಂಗತಿ ಎಂಬಂತೆ ವಿವರಿಸಿದಳು. ನನಗೆ ನಗು ಬಂತು. ಎಸರಿಗೆ ಹಿಟ್ಟು ಬಿಟ್ಟು, ಬಾಗಿಲಿಗೆ ಬಂದ ಹಾಲಿನವನಿಗೆ ಲೆಕ್ಕ ಹೇಳಿ, ಅತ್ತೆಗೆ ಮಾತ್ರೆ ಕೊಟ್ಟು, ಹುಡುಗನ ಟೈ ಹುಡುಕಿ, ತಿರುಗಿ ಬಂದು ಮುದ್ದೆ ತೊಳಸುವ ಹೆಂಗಸಿಗೆ ಕೊರೂಟೀನ್ ಹೇಳಿಕೊಡಬೇಕೆ? ನೀವೂ ಅದನ್ನೇ ಮಾಡಿ ಬಂದು ಈ ಪುಸ್ತಕ ಹಿಡಿದಿದ್ದೀರಿ. ಈ ಹೆಸರನ್ನು 1958ರಲ್ಲಿ ಇಟ್ಟವನು ಮೆಲ್ವಿನ್ ಕಾನ್ವೇ. 1963ರಲ್ಲಿ ಅವನು ಅದರ ಬಗ್ಗೆ ಪ್ರಕಟಿಸಿದ ಪ್ರಬಂಧದ ವಿಷಯ ಕೂಡ ಕಂಪೈಲರ್ ಕಟ್ಟುವುದೇ. ಕೆಲಸ ಹಳೆಯದು, ಹೆಸರೂ ಹಳೆಯದು. ಆದರೆ ಅದು ಎಲ್ಲರ ಕೈಗೂ ಬಂದದ್ದು ಈಚೆಗೆ. ಪೈಥಾನ್ ಭಾಷೆಗೆ 2015ರಲ್ಲಿ, ಕಾಟ್ಲಿನ್ ಭಾಷೆಗೆ ಪಕ್ಕಾ ರೂಪದಲ್ಲಿ 2018ರಲ್ಲಿ, ಸಿ ಪ್ಲಸ್ ಪ್ಲಸ್ ಭಾಷೆಯ ನಿಯಮಪುಸ್ತಕಕ್ಕೆ 2020ರಲ್ಲಿ. ನಮ್ಮ ಕೈಯ ಆಂಡ್ರಾಯ್ಡ್ ಫೋನಿನ ಆಪ್‌ಗಳನ್ನು ಕಾಟ್ಲಿನ್‌ನಲ್ಲೇ ಮೊದಲು ಬರೆಯಿರಿ ಎಂದು ಗೂಗಲ್ 2019ರಲ್ಲಿ ಹೇಳಿದೆ. ನೀವು ಒತ್ತಿದ ಮೇಲೆ ಒಂದು ಚಕ್ರ ತಿರುಗುತ್ತಾ ಕಾಯಿಸುತ್ತದಲ್ಲ, ಅದರ ಹಿಂದೆ ಇಂಥ ನಿಂತ ಕೆಲಸ ಒಂದಿರುವುದು ಬಹಳ ಸಾಮಾನ್ಯ.

ನಿಲ್ಲುವ ಕೆಲಸಕ್ಕೆ ಡಬ್ಬಗಳನ್ನು ತೊಳೆಯುವಂತಿಲ್ಲವಲ್ಲ. ಆದ್ದರಿಂದ ಕಂಪೈಲರ್ ಒಂದು ಉಪಾಯ ಮಾಡುತ್ತದೆ. ನೀವು ಒಂದೇ ಸಮ ಬರೆದ ಲೆಕ್ಕವನ್ನು ನಿಲುಗಡೆ ನಿಲುಗಡೆಗೆ ತುಂಡರಿಸುತ್ತದೆ. ಮುಂದಿನ ತುಂಡಿಗೆ ಬೇಕಾಗುವ ಡಬ್ಬಗಳನ್ನಷ್ಟೇ ಗಂಟು ಕಟ್ಟಿ ಬೇರೆ ಕಡೆ ಇಡುತ್ತದೆ. ಆ ಗಂಟಿಗೆ ಸಿ ಪ್ಲಸ್ ಪ್ಲಸ್‌ನವರು ಫ್ರೇಮ್ ಎನ್ನುತ್ತಾರೆ. ಮುಂದೆ ಬೇಡ ಎಂದು ಅದಕ್ಕೆ ತೋರಿದ ಡಬ್ಬ ಗಂಟಿಗೆ ಸೇರುವುದೇ ಇಲ್ಲ. ಸೇರಿದವುಗಳ ಚೀಟಿಯೂ ಹೋಗುತ್ತದೆ. ಕಾಟ್ಲಿನ್‌ನಲ್ಲಿ ಗಂಟಿನೊಳಗಿನ ಡಬ್ಬಗಳಿಗೆ ಎಲ್ ಡಾಲರ್ ಸೊನ್ನೆ, ಎಲ್ ಡಾಲರ್ ಒಂದು ಎಂಬಂಥ ಹೆಸರು. ‘ಹಳೆಬಾಕಿ’, ‘ಪಾವತಿ’ ಎಂದು ಬರೆದವಳು ಇಟ್ಟ ಹೆಸರುಗಳನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟರೆ ಮಾತ್ರ ಉಳಿದವು. ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ಬೇರೆ ಹೆಸರು ಬರೆಸಿಕೊಂಡ ನಮ್ಮಮ್ಮನ ಕಾಲದ ಹೆಂಗಸರನ್ನು ಕೇಳಿ, ಹೆಸರು ಹೋದರೆ ಏನಾಗುತ್ತದೆಂದು. ತವರಿನಿಂದ ಬಂದ ಕಾಗದ ಯಾರಿಗೆಂದು ಅಂಚೆಯವನಿಗೇ ತಿಳಿಯುತ್ತಿರಲಿಲ್ಲ.

ಇಲ್ಲಿಯವರೆಗೆ ತಪ್ಪಿಲ್ಲ. ತುಂಡು ಮಾಡಲಿ, ಗಂಟು ಕಟ್ಟಲಿ. ನನ್ನ ವಾದ ಒಂದೇ: ಇನ್ನೊಬ್ಬರು ಬರೆದದ್ದನ್ನು ತಿರುಗಿಸಿ ಬರೆಯುವ ಅಧಿಕಾರ ಪಡೆದವರು, ಬರೆದವರ ಮಾತಿನಲ್ಲೇ, ಬರೆದವರು ಇಟ್ಟ ಹೆಸರಿನಲ್ಲೇ ಅದನ್ನು ಮತ್ತೆ ತೋರಿಸುವ ಹೊಣೆಯನ್ನೂ ಹೊರಬೇಕು. ಅದು ಉಪಕಾರವಲ್ಲ, ಆ ಕೆಲಸದ ಭಾಗ.

ಆಗಿದ್ದು ಏನು? ಕಾಟ್ಲಿನ್‌ನಲ್ಲಿ ಕೊರೂಟೀನ್ ಪಕ್ಕಾ ಆದದ್ದು 2018ರ ಅಕ್ಟೋಬರ್. ನಿಂತ ಕೊರೂಟೀನ್‌ಗಳನ್ನೂ ಅವುಗಳ ಕೈಯಲ್ಲಿರುವುದನ್ನೂ ತೋರಿಸುವ ಪ್ರತ್ಯೇಕ ಕಿಟಕಿ ಬಂದದ್ದು 2020ರ ಆಗಸ್ಟ್‌ನ ಆವೃತ್ತಿಯ ಜೊತೆ. ಹತ್ತಿರ ಹತ್ತಿರ ಎರಡು ವರ್ಷ. ಸಿ ಪ್ಲಸ್ ಪ್ಲಸ್‌ನ ಕಡೆ ಜಿಸಿಸಿ ಎಂಬ ಕಂಪೈಲರ್ 2020ರಲ್ಲೇ ಕೊರೂಟೀನ್ ಕೊಟ್ಟಿತು, ಕ್ಲ್ಯಾಂಗ್ ಎಂಬುದೂ ಕೊಟ್ಟಿತು. ಗಂಟಿನೊಳಗೆ ನೋಡುವ ಅನುಕೂಲ ಮಾತ್ರ ತುಂಡು ತುಂಡಾಗಿ, ಆಮೇಲಾಮೇಲೆ ಬಂತು. ಕ್ಲ್ಯಾಂಗ್ ಈಗ ಇಡೀ ಗಂಟನ್ನೇ ಒಂದು ಹೆಸರಿನಡಿ ಡೀಬಗ್ಗರಿಗೆ ಕಾಣಿಸುತ್ತದೆ. ಎಷ್ಟನೆಯ ನಿಲುಗಡೆಯಲ್ಲಿ ನಿಂತಿದೆ ಎಂಬ ಅಂಕಿಯೂ ಅದರಲ್ಲಿರುತ್ತದೆ. ಸಂತೋಷ. ಆದರೆ ಮನೆ ಕಟ್ಟಿ, ಸಂಸಾರ ಹೂಡಿಸಿ, ಆಮೇಲೆ ಗೋಡೆ ಒಡೆದು ಕಿಟಕಿ ಇಡುವ ಮೇಸ್ತ್ರಿಯನ್ನು ನಾವು ಒಳ್ಳೆಯ ಮೇಸ್ತ್ರಿ ಎನ್ನುತ್ತೇವೆಯೇ?

ಮೊದಲೇ ಕಿಟಕಿ ಇಡಲು ಸಾಧ್ಯವಿಲ್ಲ ಎನ್ನುವಂತಿಲ್ಲ. ಪೈಥಾನ್‌ನವರು 2015ರಲ್ಲಿ ಹೊಸ ಬಗೆಯ ಕೊರೂಟೀನ್ ತಂದ ಆವೃತ್ತಿಯಲ್ಲೇ, ನಿಂತ ಕೊರೂಟೀನ್‌ನ ಕೈಯಲ್ಲಿ ಯಾವ ಹೆಸರಿಗೆ ಯಾವ ಬೆಲೆಯಿದೆ ಎಂದು ಪಟ್ಟಿ ಕೊಡುವ ಒಂದು ಆಜ್ಞೆಯನ್ನೂ ಸೇರಿಸಿದರು. ಪೈಥಾನ್‌ನ ದಾರಿ ಬೇರೆ, ಅದು ವೇಗಕ್ಕಿಂತ ಸರಳತೆಗೆ ಒಲಿದ ಭಾಷೆ, ಹಾಗಾಗಿ ಅದಕ್ಕೆ ಸುಲಭವಾಯಿತು ಎಂದು ಮಗಳು ಹೇಳಿದಳು. ಒಪ್ಪುತ್ತೇನೆ. ಸುಲಭವಾಗಿದ್ದರೂ ನೆನಪಿಟ್ಟು ಮಾಡಬೇಕಷ್ಟೆ. ಅವರು ನೆನಪಿಟ್ಟರು.

ಹಬ್ಬಕ್ಕೆ ನಮ್ಮಣ್ಣನ ಮಗನೂ ಬಂದಿದ್ದ. ಅವನೂ ಇಂಜಿನಿಯರು. ಊಟಕ್ಕೆ ಕೂತಾಗ ನನ್ನ ವಾದ ಕೇಳಿ, “ಅತ್ತೆ, ನಿಮಗೆ ಗೊತ್ತಾಗಲ್ಲ. ವೇಗ ಬೇಕು ಅಂದ್ರೆ ಇದೆಲ್ಲ ಬಿಡಲೇಬೇಕು” ಎಂದ.

ವೇಗ ಯಾರಿಗೆ ಬೇಡ? ಆದರೆ ಡೀಬಗ್ಗರ್ ಹಿಡಿದು ಕೂತವಳು ಓಟದ ಪಂದ್ಯಕ್ಕೆ ಬಂದವಳಲ್ಲ; ಅವಳು ನಿಲ್ಲಿಸಿ ನೋಡಲು ಬಂದವಳು. ಜನರ ಕೈಗೆ ಹೋಗುವ ಆಪ್ ವೇಗವಾಗಿರಲಿ. ಬರೆಯುವವರ ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟ ಪ್ರತಿ ನಿಧಾನವಾದರೆ ಯಾರ ಗಂಟು ಹೋಯಿತು? ಶಾಲೆಯ ವಾರ್ಷಿಕೋತ್ಸವದ ನಾಟಕ ಒಂದೂವರೆ ಗಂಟೆಯದೆಂದು ತಾಲೀಮನ್ನೂ ಒಂದೂವರೆ ಗಂಟೆಯಲ್ಲಿ ಮುಗಿಸುತ್ತೇವೆಯೇ?

ಅವನ ಎರಡನೆಯ ಮಾತು ಇದಕ್ಕಿಂತ ಗಟ್ಟಿಯದು, ಅದನ್ನು ಮುಚ್ಚಿಡಬಾರದು. ಬೇಡವಾದ ಡಬ್ಬವನ್ನೂ ಹಿಡಿದುಕೊಂಡೇ ಇದ್ದರೆ ಯಂತ್ರದ ನೆನಪಿನಲ್ಲಿ ಕಸ ತುಂಬುತ್ತದೆ. ಯಾರೂ ಹಿಡಿಯದ್ದನ್ನು ಗುಡಿಸಿ ಹಾಕುವ ವ್ಯವಸ್ಥೆ ಕಾಟ್ಲಿನ್, ಪೈಥಾನ್‌ನಂಥ ಭಾಷೆಗಳಲ್ಲಿದೆ. ಒಂದು ಡಬ್ಬ ದೊಡ್ಡ ಸಾಮಾನೊಂದನ್ನು ಹಿಡಿದೇ ಇದ್ದರೆ ಗುಡಿಸುವವಳು ಅದನ್ನು ಬಿಟ್ಟು ಹೋಗುತ್ತಾಳೆ. ಹೀಗೆ ಆಗಿ ಆಗಿ ಆಪ್ ಉಸಿರುಗಟ್ಟುತ್ತದೆ. ಕಾಟ್ಲಿನ್‌ನ ಕೈಪಿಡಿ ಇದನ್ನು ನೇರವಾಗಿಯೇ ಹೇಳುತ್ತದೆ. ನಿಲ್ಲುವ ಕೆಲಸಗಳಲ್ಲಿ ವೇರಿಯಬಲ್ ಎದುರು ‘ಆಪ್ಟಿಮೈಸ್ಡ್ ಔಟ್’ ಎಂದು ಕಾಣಬಹುದು, ಹಾಗಾದರೆ ದೋಷ ಹುಡುಕುವುದು ಕಷ್ಟ, ಅದನ್ನು ತಡೆಯಲು ‘ಎಕ್ಸ್ ಡೀಬಗ್’ ಎಂಬ ಸೂಚನೆ ಕೊಡಿ, ಆದರೆ ಜನಬಳಕೆಯ ಪ್ರತಿಗೆ ಎಂದೂ ಕೊಡಬೇಡಿ, ಮೆಮೊರಿ ಸೋರೀತು ಎನ್ನುವುದು ಅದರ ಸಾರ. ಪ್ರಾಮಾಣಿಕವಾದ ಮಾತು. ನಾನು ಇದನ್ನು ಒಪ್ಪುತ್ತೇನೆ. ಜನರ ಕೈಗೆ ಹೋಗುವ ಪ್ರತಿಯಲ್ಲಿ ಎಲ್ಲವನ್ನೂ ಹಿಡಿದಿಡಿ ಎಂದು ನಾನು ಕೇಳುತ್ತಿಲ್ಲ.

ನಾನು ಕೇಳುವುದು, ದೋಷ ಹುಡುಕಲೆಂದೇ ಮಾಡಿದ ಪ್ರತಿಯಲ್ಲಿ ಆ ಸೂಚನೆಯನ್ನು ಹುಡುಕುವವಳೇ ಹುಡುಕಿಕೊಂಡು ಕೊಡಬೇಕೇಕೆ? ಕತ್ತಲಾದಾಗ ದೀಪ ತಾನಾಗಿ ಇರಬೇಕು, ಬೇಡವಾದವರು ಆರಿಸಿಕೊಳ್ಳಲಿ. ಇಲ್ಲಿ ನಡೆದಿರುವುದು ಅದರ ತಿರುಗುಮುರುಗು. ದೀಪವಿದೆ, ಸ್ವಿಚ್ ಅಟ್ಟದ ಮೇಲಿದೆ, ಇದೆಯೆಂದು ಹಳಬರಿಗಷ್ಟೇ ಗೊತ್ತು. ಐದು ತಿಂಗಳ ಹುಡುಗಿಗೆ ಯಾರು ಹೇಳಿದ್ದರು?

“ಅಷ್ಟೆಲ್ಲಾ ಯಾಕೆ, ಬೇಕಾದ ಕಡೆ ಒಂದು ಪ್ರಿಂಟ್ ಸಾಲು ಹಾಕ್ಕೊಂಡ್ರೆ ಆಯ್ತು” ಎಂದ ಅವನು, ಕೋಸಂಬರಿ ಬಡಿಸಿಕೊಳ್ಳುತ್ತಾ. ಅಂದರೆ ಪ್ರೋಗ್ರಾಮಿನ ನಡುವೆ ‘ಈ ಬೆಲೆಯನ್ನು ಬರೆದು ತೋರಿಸು’ ಎಂಬ ಸಾಲು ಸೇರಿಸುವುದು. ಮಗಳು ಅನ್ನ ಕಲಸುವುದನ್ನು ನಿಲ್ಲಿಸಿ ಕೊಟ್ಟ ಉತ್ತರ ನನ್ನನ್ನು ಬೆಚ್ಚಿಬೀಳಿಸಿತು. ನಿಲುಗಡೆಯ ಆಚೆ ಅಂಥ ಸಾಲು ಹಾಕಿದ ಕೂಡಲೇ ಆ ಡಬ್ಬ ‘ಮುಂದೆ ಬೇಕಾದದ್ದು’ ಆಗುತ್ತದೆ; ಕಂಪೈಲರ್ ಆಗ ಅದನ್ನು ಗಂಟಿಗೆ ಸೇರಿಸುತ್ತದೆ. ಅಂದರೆ ಕೇಳಿದರೆ ಇರುತ್ತದೆ, ಕೇಳದಿದ್ದರೆ ಇರುವುದಿಲ್ಲ. ನೋಡಲು ಹೊರಟದ್ದು ಒಂದು ಪ್ರೋಗ್ರಾಂ, ನೋಡಿದ್ದು ಇನ್ನೊಂದು. ಕಾಲದ ಹೊಂದಿಕೆಯಿಂದ ಆಗುವ ದೋಷಗಳು ಇಂಥ ಒಂದು ಸಾಲು ಸೇರಿಸಿದ್ದಕ್ಕೇ ಮಾಯವಾಗಿ, ತೆಗೆದ ಕೂಡಲೇ ಮತ್ತೆ ಬರುವುದುಂಟಂತೆ. ಡಿಡಿಪಿಐ ಬರುವ ದಿನ ಹಾಜರಿ ತುಂಬಿರುವ ಶಾಲೆಯ ಹಾಗೆ.

ಅವನ ಕೊನೆಯ ಅಸ್ತ್ರ ಗಂಡಸರ ಹಳೆಯ ಅಸ್ತ್ರವೇ. “ಒಳ್ಳೆ ಪ್ರೋಗ್ರಾಮರ್‌ಗೆ ಡೀಬಗ್ಗರ್ ಬೇಕಾಗಲ್ಲ ಅತ್ತೆ. ತಲೆಯಲ್ಲೇ ಓಡಿಸ್ತಾನೆ.”

ಒಳ್ಳೆಯ ವಿದ್ಯಾರ್ಥಿಗೆ ಮೇಷ್ಟರೂ ಬೇಕಾಗುವುದಿಲ್ಲ. ನಾನು ಸಂಬಳ ತೆಗೆದುಕೊಂಡದ್ದು ಅವನಿಗಾಗಿ ಅಲ್ಲ, ಉಳಿದ ಐವತ್ತು ಮಕ್ಕಳಿಗಾಗಿ. ಉಪಕರಣಗಳು ಇರುವುದು ಗೊತ್ತಿಲ್ಲದವರಿಗೆ, ಹೊಸಬರಿಗೆ, ದಣಿದವರಿಗೆ, ರಾತ್ರಿ ಒಂದು ಗಂಟೆಗೆ ಕೂತವರಿಗೆ. ಯಂತ್ರ ಮನುಷ್ಯನ ಹತ್ತಿರ ಬರಲಿ ಎಂದು ದುಡಿದ ಆ ಗಣಿತದ ಮೇಡಂ ಅದಕ್ಕೇ ತಾನೇ ಕಂಪೈಲರ್ ಹುಟ್ಟುಹಾಕಿದ್ದು? ಆಗಲೂ, ನಿಜವಾದ ಪ್ರೋಗ್ರಾಮರಿಗೆ ಇದೆಲ್ಲ ಬೇಡ ಎಂದವರು ಇದ್ದರು. ‘ಬಗ್’ ಎಂದರೆ ಏನೆಂದು ಕೇಳಿದವರಿಗೆ ಆಕೆ ಹೇಳುತ್ತಿದ್ದ ಕಥೆಯೊಂದಿದೆ: 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ ಟೂ ಯಂತ್ರ ಕೈಕೊಟ್ಟಾಗ, ಅದರ ರಿಲೇಯಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದು ಸಿಕ್ಕಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಸ್ತಕ ಇವತ್ತಿಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ಕಥೆಯಲ್ಲಿ ನನಗೆ ಕಂಡದ್ದು ಬೇರೆಯೇ. ಅವರಿಗೆ ಯಂತ್ರದ ಬಾಗಿಲು ತೆರೆದು ನೋಡಲು ಸಾಧ್ಯವಿತ್ತು. ನೋಡಿದ್ದರಿಂದ ಹುಳು ಸಿಕ್ಕಿತು. ಬಾಗಿಲೇ ಇಲ್ಲದಿದ್ದರೆ ಆ ಹೊತ್ತಿನ ಪಾಳಿಯಲ್ಲಿದ್ದವರ ಮೇಲೆ ತಪ್ಪು ಹೊರಿಸುತ್ತಿದ್ದರು.

ಇಷ್ಟೆಲ್ಲ ಜೋರು ಮಾಡುವ ನಾನೂ ಒಮ್ಮೆ ಮುಚ್ಚುವವರ ಗುಂಪಿನಲ್ಲಿದ್ದೆ. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್, ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷೆ ಬರೆದವರಿಗಿದೆ ಎಂದಿತು. ನಮ್ಮ ಸ್ಟಾಫ್ ರೂಮಿನಲ್ಲಿ ಅಂದು ಗಲಾಟೆಯೋ ಗಲಾಟೆ. “ಲಕ್ಷಾಂತರ ಪತ್ರಿಕೆ, ಎಲ್ಲ ತೆಗೆದು ತೋರಿಸೋಕೆ ಆಗುತ್ತಾ? ಖರ್ಚು ಯಾರು ಕೊಡ್ತಾರೆ? ತಿದ್ದೋ ವೇಗವೇ ಕಮ್ಮಿ ಆಗುತ್ತೆ” ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ಅಂಕ ಕೊಟ್ಟಿದ್ದೇವಲ್ಲ, ಒಳಗೇನಿದೆ ಎಂದು ಯಾಕೆ ಬೇಕು ಎಂಬುದೇ ನನ್ನ ವಾದವಾಗಿತ್ತು.

ವ್ಯವಸ್ಥೆ ಕುಸಿಯಲಿಲ್ಲ. ಇವತ್ತು ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಅರ್ಜಿ ಹಾಕಿ, ಶುಲ್ಕ ಕಟ್ಟಿ, ತಮ್ಮ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬಳು ಹೀಗೆ ತರಿಸಿದಾಗ, ಒಂದು ಪುಟಕ್ಕೆ ಅಂಕವನ್ನೇ ಕೂಡಿರಲಿಲ್ಲ. ಆ ಪುಟದಲ್ಲಿ ಅವಳ ಪಿ.ಯು. ಸೀಟು ಇತ್ತು. ಅದನ್ನು ನೋಡಿದ ದಿನ ನನ್ನ 2011ರ ಮಾತುಗಳು ನನಗೇ ಕೇಳಿಸಿ ನಾಚಿಕೆಯಾಯಿತು. ಖರ್ಚು, ವೇಗ, ಶ್ರಮ ಎಂದು ನಾನು ಹೇಳಿದ್ದೆಲ್ಲ ಸುಳ್ಳಲ್ಲ. ಆದರೆ ಅದು ತಿದ್ದುವವಳ ಅನುಕೂಲದ ಕಡೆಯಿಂದ ಆಡಿದ ಮಾತು. ಬರೆದವಳ ಕಡೆಯಿಂದ ಒಂದು ಮಾತೂ ಅದರಲ್ಲಿರಲಿಲ್ಲ. ಆ ತೀರ್ಪಿನಲ್ಲೂ ವಿವೇಕವಿತ್ತು. ತಿದ್ದಿದವರು ಯಾರೆಂಬುದನ್ನು ಮರೆಮಾಡಬೇಕು ಎಂದು ಕೋರ್ಟೇ ಹೇಳಿತ್ತು. ಮುಚ್ಚಬೇಕಾದ್ದನ್ನು ಮುಚ್ಚಿ, ತೋರಿಸಬೇಕಾದ್ದನ್ನು ತೋರಿಸು. ಕಂಪೈಲರ್ ಮಾಡುವವರಿಗೂ ನಾನು ಹೇಳುವುದು ಇದಕ್ಕಿಂತ ಹೆಚ್ಚೇನಲ್ಲ.

ಅವರಿಗೆ ನನ್ನ ಬೇಡಿಕೆ ಮೂರು. ಒಂದು, ನಿಲ್ಲುವ ಕೆಲಸವನ್ನು ಭಾಷೆಗೆ ತರುವ ದಿನವೇ ಅದರೊಳಗೆ ನೋಡುವ ಕಿಟಕಿಯನ್ನೂ ತನ್ನಿ. ಕಿಟಕಿ ಸಿದ್ಧವಾಗದಿದ್ದರೆ ಗೃಹಪ್ರವೇಶ ಮುಂದೂಡಿ. ಎರಡು, ದೋಷ ಹುಡುಕಲೆಂದು ಮಾಡುವ ಪ್ರತಿಯಲ್ಲಿ ಪ್ರತಿ ಡಬ್ಬವೂ ಆ ಕೆಲಸ ಮುಗಿಯುವವರೆಗೆ, ಬರೆದವಳು ಇಟ್ಟ ಹೆಸರಿನಲ್ಲೇ, ಕೇಳದೆಯೇ ಉಳಿಯಲಿ. ಮೂರು, ನಿಜವಾಗಿಯೂ ಹೋದದ್ದನ್ನು ಹೋಯಿತು ಎಂದೇ ಹೇಳಿ, ಯಾವ ಸಾಲಿನ ತನಕ ಇತ್ತು ಎಂಬುದನ್ನೂ ಹೇಳಿ. ಹಳೆಯ ಬೆಲೆಯನ್ನೋ ಕಸವನ್ನೋ ನಿಜವೆಂಬಂತೆ ತೋರಿಸುವುದಕ್ಕಿಂತ ‘ಇಲ್ಲ’ ಎಂಬ ಮಾತು ಎಷ್ಟೋ ಮೇಲು.

ಇದು ಇಂಜಿನಿಯರುಗಳ ಮನೆಜಗಳ, ನಮಗೇನು ಎನ್ನಬೇಡಿ. ಹೋದ ವರ್ಷಗಳಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿಯ ವಿದ್ಯಾರ್ಥಿವೇತನದ ಅರ್ಜಿ ಏಳು ತಿಂಗಳು ‘ಪ್ರಗತಿಯಲ್ಲಿದೆ’ ಎಂದೇ ತೋರಿಸುತ್ತಿತ್ತು. ಏನಕ್ಕೆ ಕಾಯುತ್ತಿದೆ ಎಂದು ಕಂಪ್ಯೂಟರ್ ಮುಂದೆ ಕೂತವನಿಗೂ ಕಾಣುತ್ತಿರಲಿಲ್ಲ, ಅವನ ಮೇಲಿನವರಿಗೂ ಕಾಣುತ್ತಿರಲಿಲ್ಲ. ಕೊನೆಗೆ ತಿಳಿಯಿತು: ತಾಯಿಯ ಹೆಸರು ಒಂದು ದಾಖಲೆಯಲ್ಲಿ ‘ಅಮ್ಮ’ ಸೇರಿಸಿ, ಇನ್ನೊಂದರಲ್ಲಿ ಸೇರಿಸದೆ ಇತ್ತು. ಅಷ್ಟರಲ್ಲಿ ವರ್ಷ ಮುಗಿದಿತ್ತು. ಅದು ಬೇರೆ ಬಗೆಯ ಯಂತ್ರ, ರೋಗ ಮಾತ್ರ ಒಂದೇ. ನಿಲ್ಲಿಸುವುದನ್ನು ಕಲಿತರು, ನಿಂತದ್ದರ ಒಳಗನ್ನು ತೋರಿಸುವುದನ್ನು ಕಲಿಯಲಿಲ್ಲ. ಕಾಯುವವರು ಯಾವಾಗಲೂ ಕೆಳಗಿನವರೇ ಆದ್ದರಿಂದ ಅವಸರವೂ ಯಾರಿಗೂ ಇಲ್ಲ. ಮುಂದಿನ ಸಲ ನಿಮಗೆ ಯಾರಾದರೂ “ಪೆಂಡಿಂಗ್ ಇದೆ” ಎಂದರೆ, “ಏನಕ್ಕೆ ಕಾಯ್ತಿದೆ, ಕೈಯಲ್ಲಿ ಏನಿಟ್ಟುಕೊಂಡು ಕಾಯ್ತಿದೆ, ತೋರಿಸಿ” ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅದು ಅವರ ಮಾನ ಹೋಗುವ ವಿಷಯ, ನಿಮ್ಮದಲ್ಲ.

ಮೂರನೆಯ ರಾತ್ರಿ ಮಗಳಿಗೆ ದೋಷ ಸಿಕ್ಕಿತು. ಆ ಅಟ್ಟದ ಸ್ವಿಚ್ಚನ್ನು ಹಳಬನೊಬ್ಬ ಫೋನಿನಲ್ಲಿ ಹೇಳಿಕೊಟ್ಟನಂತೆ. ಒತ್ತಿದ ಮೇಲೆ ಮೊತ್ತ ಕಾಣಿಸಿತು. ತಪ್ಪು ಆ ಹುಡುಗಿಯ ಸಾಲುಗಳಲ್ಲಿ ಇರಲಿಲ್ಲ. ನಿಲುಗಡೆಗೆ ಮುಂಚೆಯೇ, ಎರಡು ವರ್ಷದಿಂದ ಯಾರೂ ಮುಟ್ಟದ ಒಂದು ಕಡೆ, ಹಳೆಯ ಬಾಕಿಯನ್ನು ಎರಡು ಸಲ ಓದುತ್ತಿತ್ತು. ಮಗಳು ಚಿತ್ರ ತೆಗೆದು ಎಲ್ಲರಿಗೂ ಕಳಿಸಿದಳು. ಆ ಹುಡುಗಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅವಳು ಮಾತಾಡಲಿಲ್ಲ, ಅತ್ತಳು. ಆಮೇಲೆ “ಥ್ಯಾಂಕ್ಸ್ ಅಕ್ಕ” ಎಂದಳು. ಜನವರಿಯಲ್ಲಿ ಅವಳ ಕೆಲಸ ಕಾಯಂ ಆಯಿತು. ತಪ್ಪು ಹೊರಿಸಿದವರು ಕ್ಷಮೆ ಕೇಳಿದರೆಂದು ನಾನು ಕೇಳಿಲ್ಲ.

ನಮ್ಮ ಸೀಮೆಯವರಿಗೆ ಗೊತ್ತಿರುವ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಉಂಡೆ ಕೊಬ್ಬರಿಗೆಂದು ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಅದೂ ನಿಂತ ಕೆಲಸವೇ. ನಮ್ಮತ್ತೆಗೆ ಈಗ ಕಣ್ಣು ಮಂಜು. ಆದರೂ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದರಲ್ಲಿ ಇನ್ನೂ ನೀರಿದೆ, ಇದರಲ್ಲಿ ಗಿಟುಕು ಬಿಟ್ಟಿದೆ, ಇದು ಕೌಟು ಎಂದು ಹೇಳುತ್ತಾರೆ. ಒಡೆಯುವುದಿಲ್ಲ. ಒಡೆದರೆ ಕೊಬ್ಬರಿಯಾಗುವುದಿಲ್ಲ, ಕೇಳದೆ ಬಿಟ್ಟರೆ ಕೌಟಾದದ್ದು ಗೊತ್ತಾಗುವುದಿಲ್ಲ.

ಮಗಳು ಬಸ್ಸಿಗೆ ಹೊರಟ ಬೆಳಿಗ್ಗೆ ಅಜ್ಜಿಗೆ ನಮಸ್ಕಾರ ಮಾಡಲು ಹೋದಳು. “ಮೂರು ರಾತ್ರಿ ನಿದ್ದೆಗೆಟ್ಟು ಅದೇನು ಹುಡುಕಿದೆ ಮಗ?” ಎಂದು ಅತ್ತೆ ಕೇಳಿದರು.

“ಒಳಗೆ ಏನಿದೆ ಅಂತ ನೋಡ್ತಿದ್ದೆ ಅಜ್ಜಿ. ಅದು ತೋರಿಸ್ತಾ ಇರ್ಲಿಲ್ಲ.”

“ತೋರಿಸ್ದೆ ಇರೋ ಸಾಮಾನು ಯಾಕೆ ತಂದ್ರಿ?” ಎಂದರು ಅತ್ತೆ.

ನಮ್ಮಣ್ಣನ ಮಗ ಅಲ್ಲೇ ನಿಂತಿದ್ದ. ಅವನೂ ಉತ್ತರ ಹೇಳಲಿಲ್ಲ.